ಸುಗ್ಗಿಯ ದಾಹಕ್ಕೆ ಹುಟ್ಟಿದ ಬಿಯರ್

ಬೆಲ್ಜಿಯಂನ ದಕ್ಷಿಣ ಭಾಗಕ್ಕೆ ವಲೋನಿಯಾ ಎಂದು ಹೆಸರು. ಅಲ್ಲಿನ ಹೇನೋ ಪ್ರಾಂತದಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರವಾಗಿ, ತೂರ್ಪ್ ಎಂಬ ಸಣ್ಣ ಹಳ್ಳಿಯಿದೆ. ಬಿಯರ್ ಬಲ್ಲವರು ಜಗತ್ತಿನ ಮೂಲೆಮೂಲೆಯಿಂದ ಈ ಊರನ್ನು ಹುಡುಕಿಕೊಂಡು ಬರುವುದಕ್ಕೆ ಅಲ್ಲಿರುವ ಒಂದು ಹೊಲಮನೆ ಕಾರಣ. ಅದರ ಹೆಸರು ಡ್ಯುಪೋಂ ಬ್ರೂವರಿ. ಬೇಸಿಗೆಯಲ್ಲಿ ಕುಡಿಯಲೆಂದೇ ರೂಪುಗೊಂಡ ‘ಸೇಜೋನ್’ ಎಂಬ ಬಿಯರ್ ಇವತ್ತಿಗೂ ಉಳಿದಿದ್ದರೆ ಅದರ ದೊಡ್ಡ ಪಾಲು ಶ್ರೇಯ ಈ ಮನೆಯದು.

ಬೇಸಿಗೆಯ ಬಿಯರನ್ನು ಹಿಂದಿನ ಕಾಲದಲ್ಲಿ ಕಾಯಿಸುತ್ತಿದ್ದದ್ದು ಚಳಿಗಾಲದಲ್ಲಿ. ತಂಪು ಮಾಡುವ ಯಂತ್ರ ಇಲ್ಲದ ದಿನಗಳು ಅವು. ಬಿಸಿಲುಗಾಲದಲ್ಲಿ ಕಾಯಿಸಿದರೆ ಬೇಡದ ಸೂಕ್ಷ್ಮಜೀವಿಗಳು ಸೇರಿ ಇಡೀ ಹಂಡೆ ಹುಳಿತು ಕೆಡುತ್ತಿತ್ತು. ಚಳಿಯಲ್ಲಿ ಹೊಲದ ಕೆಲಸವೂ ಕಡಿಮೆ, ಆಳುಗಳಿಗೆ ಬಿಡುವು. ಸಿಹಿರಸ ತೆಗೆದುಕೊಂಡ ಮೇಲೆ ಉಳಿಯುವ ಬಾರ್ಲಿಯ ಚರಟ ಕೊಟ್ಟಿಗೆಯ ದನಗಳಿಗೆ ಮೇವಾಗುತ್ತಿತ್ತು. ಹೀಗೆ ತಯಾರಾದ ಬಿಯರನ್ನು ತಿಂಗಳುಗಟ್ಟಲೆ ಕಾದಿರಿಸಿ, ಸುಗ್ಗಿಯ ಹೊತ್ತಿಗೆ ಹೊಲಕ್ಕೆ ಒಯ್ಯುತ್ತಿದ್ದರು ಎಂಬುದು ಪರಂಪರೆಯ ಮಾತು. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿನ ಕೆಲಸಕ್ಕೆ ರಾಗಿ ಅಂಬಲಿ ಹೇಗೋ ಅಲ್ಲಿಯ ಕೂಲಿಕಾರರಿಗೆ ಇದು ಹಾಗೆ: ದಾಹ ತಣಿಸಬೇಕು, ಹೊಟ್ಟೆಗೆ ಒಂದಿಷ್ಟು ಆಧಾರವಾಗಬೇಕು, ತಲೆಗೆ ಏರಬಾರದು.

ತೂರ್ಪ್‌ನ ಈ ಬ್ರೂವರಿಯ ಇತಿಹಾಸ 1844ರಿಂದ ಶುರುವಾಗುತ್ತದೆ. 1920ರಲ್ಲಿ ಆಲ್ಫ್ರೆಡ್ ಡ್ಯುಪೋಂ ಇದನ್ನು ಕೊಂಡದ್ದರ ಹಿಂದೆ ಒಬ್ಬ ತಂದೆಯ ಆತಂಕವಿತ್ತು. ಮಗ ಲೂಯಿ ಕೆನಡಾಕ್ಕೆ ಹೋಗಿ ಬೇಸಾಯ ಮಾಡುತ್ತೇನೆಂದು ಹೊರಟಿದ್ದ. ಅವನನ್ನು ಊರಲ್ಲೇ ಉಳಿಸಿಕೊಳ್ಳಲು ಅಪ್ಪ ಬ್ರೂವರಿ ಸಮೇತ ಹೊಲವನ್ನೇ ಕೊಂಡುಕೊಟ್ಟ. ಲೂಯಿಯ ನಂತರ ಬ್ರೂವರಿ ಅವನ ಸೋದರಳಿಯ ಸಿಲ್ವಾ ರೋಸಿಯೇ ಕೈಗೆ ಬಂತು. ಅಂದಿನಿಂದ ಇಂದಿನವರೆಗೂ ಅದು ಮನೆಯವರ ಕೈ ತಪ್ಪಿಲ್ಲ.

ಇಲ್ಲಿಯ ಹಂಡೆಯನ್ನು ಈಗಲೂ ನೇರ ಉರಿಯ ಮೇಲೆಯೇ ಕಾಯಿಸುತ್ತಾರೆ. ಬಹುತೇಕ ಬ್ರೂವರಿಗಳು ಹಬೆಯಿಂದ ಕಾಯಿಸುವ ಪದ್ಧತಿಗೆ ಬದಲಾಗಿ ಕಾಲವಾಯಿತು. ಉರಿ ತಾಕಿದ ತಳದಲ್ಲಿ ಸಿಹಿರಸ ತುಸು ಕಂದುತ್ತದೆ, ಆ ರುಚಿ ಬಿಯರಿಗೂ ಇಳಿಯುತ್ತದೆ. ಆದರೆ ನಿಜವಾದ ವಿಶೇಷ ಯೀಸ್ಟ್‌ನದು. ಇದೇ ಬಗೆಯ ಬೇರೆ ಬಿಯರುಗಳ ಯೀಸ್ಟನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟು ಜೋಪಾನ ಮಾಡುತ್ತಾರೆ. ಡ್ಯುಪೋಂನ ಯೀಸ್ಟ್ 30 ಡಿಗ್ರಿ ದಾಟಿದ ಮೇಲೂ ಹುರುಪಿನಿಂದ ದುಡಿಯುತ್ತದೆ. ತಂಪಾಗಿಟ್ಟರೆ ಅರ್ಧ ದಾರಿಯಲ್ಲೇ ಮಂಕಾಗಿ ನಿಲ್ಲುವ ಸ್ವಭಾವ ಅದರದು. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಇದನ್ನು ಚೆನ್ನಾಗಿ ಬಲ್ಲರು. ಸಾಕಷ್ಟು ಬಿಸಿ ಸಿಕ್ಕರೆ ಮಾತ್ರ ಅದು ಸಕ್ಕರೆಯನ್ನು ಕೊನೆಯವರೆಗೂ ಉಂಡು ಮುಗಿಸುತ್ತದೆ. ನಾಲಿಗೆಗೆ ಅಂಟುವ ಸಿಹಿ ಉಳಿಯದೆ, ಮೆಣಸಿನ ಘಾಟು, ನಿಂಬೆ ಸಿಪ್ಪೆಯ ಪರಿಮಳ, ಹಾಪ್ಸ್ ಹೂವಿನ ಕಹಿ ಎದ್ದು ಕಾಣುತ್ತವೆ. ಸೆಕೆಯಲ್ಲಿ ಮತ್ತೊಂದು ಗುಟುಕು ಬೇಕೆನಿಸುವುದು ಈ ಒಣಗುಣದಿಂದಲೇ.

ಇಂಥ ಬಿಯರ್ ಒಂದು ಹಂತದಲ್ಲಿ ಮರೆಯಾಗುವುದರಲ್ಲಿತ್ತು. ಎರಡು ಮಹಾಯುದ್ಧಗಳು ಬೆಲ್ಜಿಯಂನ ಸಣ್ಣ ಬ್ರೂವರಿಗಳನ್ನು ನುಂಗಿದವು. ಮೊದಲ ಯುದ್ಧದಲ್ಲಿ ಜರ್ಮನ್ ಸೇನೆ ತಾಮ್ರದ ಹಂಡೆಗಳನ್ನೇ ಕಿತ್ತೊಯ್ದಿತ್ತು. ಉಳಿದವರಿಗೆ ಹೊಳೆಯುವ ಪಿಲ್ಸ್ ಬಿಯರಿನ ಪೈಪೋಟಿ. ಡ್ಯುಪೋಂ ಕೂಡ ಪಿಲ್ಸ್ ಮಾಡಿ ಬದುಕಿತು, ಆದರೆ ಸೇಜೋನನ್ನು ಕೈಬಿಡಲಿಲ್ಲ. ಬ್ರಿಟಿಷ್ ಬಿಯರ್ ಲೇಖಕ ಮೈಕೆಲ್ ಜಾಕ್ಸನ್ ಅದರ ಬಗ್ಗೆ ಬರೆದರು. 1980ರ ದಶಕದಲ್ಲಿ ಅದು ಅಮೆರಿಕ ತಲುಪಿತು. ಅಲ್ಲಿಯ ಸಣ್ಣ ಬ್ರೂವರಿಗಳು ಇದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಸೇಜೋನ್ ಮಾಡತೊಡಗಿದವು.

ಇನ್ನು ಈ ಮನೆಯ ಸಾವಯವ ಬಿಯರುಗಳ ಮಾತಿಗೆ ಬರೋಣ. ಡ್ಯುಪೋಂ ಸಾವಯವ ಬಿಯರ್ ಆರಂಭಿಸಿದ್ದು 1990ರಲ್ಲಿ, ಅಂಗಡಿಗಳಲ್ಲಿ ಆ ಪದ ಮಾರಾಟದ ಮಂತ್ರವಾಗುವುದಕ್ಕೆ ಬಹಳ ಮುಂಚೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹಸಿರೆಲೆಯ ಗುರುತು ಹಾಕಬೇಕಾದರೆ ಕೃಷಿಮೂಲದ ಪದಾರ್ಥಗಳಲ್ಲಿ ಕನಿಷ್ಠ 95 ಪ್ರತಿಶತ ಸಾವಯವವಾಗಿರಬೇಕು. ಬಾರ್ಲಿಯನ್ನು ಹಾಗೆ ಬೆಳೆಯಬಹುದು. ಕಷ್ಟವೆಲ್ಲ ಹಾಪ್ಸ್‌ನದು. ಎತ್ತರದ ತಂತಿಗೆ ಹಬ್ಬುವ ಈ ಬಳ್ಳಿಗೆ ಬೂದಿ ರೋಗ, ಬೂಜು ರೋಗ, ಹೇನಿನ ಕಾಟ ಒಂದರ ಹಿಂದೊಂದು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಸಾವಯವ ಹಾಪ್ಸ್ ಸಾಕಷ್ಟು ಸಿಗುವುದಿಲ್ಲವೆಂದು ವಿನಾಯಿತಿ ಕೊಟ್ಟಿದ್ದರು. ಮಾಮೂಲಿ ಹಾಪ್ಸ್ ಹಾಕಿದರೂ ಬಿಯರನ್ನು ಸಾವಯವ ಎಂದು ಮಾರಬಹುದಿತ್ತು. ಆ ವಿನಾಯಿತಿ ರದ್ದಾದದ್ದು 2013ರ ಜನವರಿಯಲ್ಲಿ. ಕಣ್ಣುಮುಚ್ಚಿ ಕುಡಿದು ‘ಇದು ಸಾವಯವ’ ಎಂದು ಹೇಳುವುದು ಯಾರಿಗೂ ಸುಲಭವಲ್ಲ. ಲಾಭ ಲೋಟದಲ್ಲಿ ಕಾಣದು, ಹೊಲದ ಮಣ್ಣಿಗೆ ಮತ್ತು ಅದರ ಕೆಳಗಿನ ನೀರಿಗೆ ಸಲ್ಲುತ್ತದೆ. ತನ್ನದೇ ಬಾವಿಯ ನೀರು ಬಳಸುವ ಬ್ರೂವರಿಗೆ ಇದು ದೂರದ ಆದರ್ಶವಲ್ಲ, ಮನೆಬಾಗಿಲಿನ ವಿಷಯ.

ಜನ ಹೊಗಳುವುದು 6.5 ಪ್ರತಿಶತ ಆಲ್ಕೊಹಾಲ್ ಇರುವ ಮೂಲ ಸೇಜೋನನ್ನು. ಅದರ ಸಾವಯವ ಜೋಡಿ 5.5ರದು, ಮ್ವಾನೆತ್ ಎಂಬ ಗಡಸು ಬಿಯರಿನ ಸಾವಯವ ರೂಪ 7.5ರದು. ನನ್ನ ಮೆಚ್ಚುಗೆ ಮಾತ್ರ ಇವೆಲ್ಲವುಗಳಿಗಿಂತ ಹಗುರವಾದ, ಬರೀ 3.5 ಪ್ರತಿಶತದ ‘ಬಿಯೊಲೆಜೇರ್’ಗೆ. ಹೊಲದಲ್ಲಿ ದಿನವಿಡೀ ದುಡಿಯುವವನ ಕೈಗೆ 6.5ರ ಬಿಯರ್ ಕೊಟ್ಟರೆ ಮಧ್ಯಾಹ್ನದ ಕೆಲಸ ನಿಂತಂತೆ. ಆ ಕಾಲದ ಸೇಜೋನ್ ಬಹಳ ಹಗುರವಾಗಿತ್ತೆಂದೇ ಬಲ್ಲವರ ಅಂದಾಜು. ಹಾಗಾದರೆ ಸುಗ್ಗಿಯ ಬಿಯರಿನ ನಿಜವಾದ ವಾರಸುದಾರ ಜನ ಹೊಗಳುವ ಅಣ್ಣನಲ್ಲ, ಈ ಸಾವಯವ ತಮ್ಮ. ಕ್ರಾಫ್ಟ್ ಬಿಯರಿನ ಉತ್ಸಾಹಿಗಳು ಹಗುರವಾದದ್ದನ್ನು ಕೀಳೆಂದು ಕಾಣುವುದು ನನಗೆ ಬೇಸರ ತರುತ್ತದೆ. ಕಡಿಮೆ ಮಾಲ್ಟ್‌ನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ) ತುಂಬು ರುಚಿ ತರುವುದಕ್ಕೆ ಹೆಚ್ಚಿನ ಕೈಚಳಕ ಬೇಕು. ಅಲ್ಲಿ ತಪ್ಪು ಬಚ್ಚಿಡಲು ಜಾಗವೇ ಇಲ್ಲ.

ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್ ಈಗ ಮನೆಮಾತು. ಕೆಲವರು ಬೇಸಿಗೆಯಲ್ಲಿ ಮಾವು ಹಾಕುತ್ತಾರೆ, ರಾಗಿಯನ್ನೂ ಪ್ರಯತ್ನಿಸಿದವರಿದ್ದಾರೆ. ನಮ್ಮ ಹವೆಗೆ ಬಿಸಿಗೆ ಹೆದರದ ಸೇಜೋನ್ ಯೀಸ್ಟ್‌ಗಿಂತ ಹೊಂದುವ ಸಂಗಾತಿ ಬೇರೆ ಇಲ್ಲ. ರಾಜ್ಯದ ಸಾವಯವ ಸಿರಿಧಾನ್ಯ ಅದರ ಜೊತೆಗೂಡಿದ ಹಗುರ ಬಿಯರನ್ನು ಯಾರಾದರೂ ಮನಸ್ಸಿಟ್ಟು ಮಾಡಲಿ ಎಂಬುದು ನನ್ನ ಆಸೆ.

ತೂರ್ಪ್‌ಗೆ ಹೋಗುವವರಿಗೆ ಬ್ರೂವರಿಯ ಎದುರೇ ‘ಲೆ ಕಾವ್ ಡ್ಯುಪೋಂ’ ಎಂಬ ಪುಟ್ಟ ಕೆಫೆ ಇದೆ. ಈ ಮನೆಯವರು ಚೀಸನ್ನೂ ಮಾಡುತ್ತಾರೆ, ಬಿಯರಿನ ಜೊತೆಗೆ ಅದನ್ನು ಕೇಳಿ ತಿನ್ನಬೇಕು. ಬಿಯರ್ ಹಿಮದಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ. ಬಾಟಲಿಯೊಳಗೇ ಇನ್ನೊಮ್ಮೆ ಹುದುಗುವ ಬಿಯರ್ ಇದು, ಒತ್ತಡ ಜಾಸ್ತಿ. ಬಿರಡೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಸಾವಕಾಶವಾಗಿ ತಿರುವಿ ತೆಗೆಯಿರಿ, ಲೋಟ ಓರೆ ಹಿಡಿದು ನಿಧಾನ ಸುರಿಯಿರಿ. ತಳದ ಯೀಸ್ಟ್ ಮಡ್ಡಿಯನ್ನು ಕೆಲವರು ಬಾಟಲಿಯಲ್ಲೇ ಬಿಡುತ್ತಾರೆ. ನಾನು ಕೊನೆಯ ಲೋಟಕ್ಕೆ ಸೇರಿಸಿಕೊಳ್ಳುತ್ತೇನೆ.