13 ನಿಮಿಷದ ದಮ್ಮು

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆ ಹಿಡಿಸಲಾಯಿತು. ಅವರಿಗೆ ಜ್ವರವಿರಲಿಲ್ಲ, ಪೆಟ್ಟೂ ಬಿದ್ದಿರಲಿಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿಸುವುದೇ ಆಗಿನ ಚಿಕಿತ್ಸಾಕ್ರಮವಾಗಿತ್ತು. ಮಲಗಿದ ದೇಹಕ್ಕೆ ಏನಾಗುತ್ತದೆ ಎಂದು ಅಳೆದು ನೋಡಿದವರು ಕಡಿಮೆ. ಸ್ವೀಡನ್ನಿನಿಂದ ಬಂದಿದ್ದ ಬೆಂಗ್ಟ್ ಸಾಲ್ಟಿನ್, ಡಲ್ಲಾಸಿನ ಜೆರಿ ಮಿಚೆಲ್ ಮತ್ತು ಸಂಗಡಿಗರು ಅದನ್ನು ಅಳೆಯಲು ಹೊರಟರು. ಮೂರು ವಾರ ಕಳೆದು ಯುವಕರು ಎದ್ದಾಗ, ಉಸಿರಾಡಿದ ಆಮ್ಲಜನಕವನ್ನು ದುಡಿಮೆಗೆ ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ ಸುಮಾರು ಶೇ 27ರಷ್ಟು ಕುಸಿದಿತ್ತು.

ಆ ಸಾಮರ್ಥ್ಯಕ್ಕೆ ವಿಜ್ಞಾನಿಗಳು ವಿಓ2 ಮ್ಯಾಕ್ಸ್ ಎನ್ನುತ್ತಾರೆ. ನಮ್ಮ ಹಿರಿಯರು ಅದನ್ನೇ ದಮ್ಮು ಎಂದರು. ಬೆಟ್ಟ ಹತ್ತುವವನಿಗೆ, ಮೂಟೆ ಹೊರುವವನಿಗೆ, ಕಬಡ್ಡಿ ಆಡುವವನಿಗೆ ಬೇಕಾದದ್ದು ಇದೇ.

ದಮ್ಮು ಒಂದೇ ಅಂಗದ ಗುಣವಲ್ಲ. ಕಟ್ಟೆ, ಕಾಲುವೆ, ಗದ್ದೆ ಮೂರನ್ನೂ ನೆನೆಸಿಕೊಳ್ಳಿ. ಹೃದಯ ಒಂದು ಮಿಡಿತಕ್ಕೆ ಎಷ್ಟು ರಕ್ತ ಬಿಡುತ್ತದೆ ಎಂಬುದು ಕಟ್ಟೆಯ ಲೆಕ್ಕ. ಸ್ನಾಯುವಿನೊಳಗೆ ಎಷ್ಟು ಲೋಮನಾಳಗಳು ಹರಡಿವೆ ಎಂಬುದು ಕಾಲುವೆಯ ಲೆಕ್ಕ. ಬಂದ ಆಮ್ಲಜನಕವನ್ನು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಎಷ್ಟು ಹೀರಿಕೊಳ್ಳುತ್ತವೆ ಎಂಬುದು ಗದ್ದೆಯದು. ಮಲಗಿದರೆ ಮೊದಲು ಸೊರಗುವುದು ಕಟ್ಟೆ. ದೇಹ ನೆಟ್ಟಗೆ ನಿಲ್ಲದಿದ್ದಾಗ ಅಷ್ಟೊಂದು ರಕ್ತ ಬೇಡವೆಂದು ಮೂತ್ರಪಿಂಡಗಳು ನೀರನ್ನು ಹೊರಹಾಕುತ್ತವೆ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಇಳಿಯುತ್ತದೆ, ಪ್ರತಿ ಮಿಡಿತಕ್ಕೂ ಹೊರಬೀಳುವ ರಕ್ತ ತಗ್ಗುತ್ತದೆ. ಎರಡು ವರ್ಷದ ಹಿಂದೆ ಡೆಂಗಿ ಬಂದು ನಾನು ಹನ್ನೆರಡು ದಿನ ಮಲಗಿದ್ದೆ. ಎದ್ದ ಮೇಲೆ ಮೂರನೆಯ ಮಹಡಿಯ ಮನೆಗೆ ಹತ್ತುವಾಗ ಎರಡನೆಯ ಮಹಡಿಯಲ್ಲೇ ಕಂಬಿ ಹಿಡಿದು ನಿಂತೆ. ಜ್ವರದ ನಿಶ್ಶಕ್ತಿ ಎಂದರು ಮನೆಯವರು. ಅದೂ ನಿಜವೇ, ಆದರೆ ಅದರಲ್ಲಿ ಹಾಸಿಗೆಯ ಪಾಲೂ ದೊಡ್ಡದಿತ್ತು.

ಡಲ್ಲಾಸಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 30 ವರ್ಷ ಕಳೆದು, 1996ರಲ್ಲಿ, ಸಂಶೋಧಕರು ಅದೇ ಐವರನ್ನು ಮತ್ತೆ ಕರೆಸಿದರು. ಈಗ ಅವರು ಐವತ್ತರ ಗೃಹಸ್ಥರು. ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು, ದೇಹದ ಕೊಬ್ಬಿನ ಪ್ರಮಾಣ ಎರಡು ಪಟ್ಟಾಗಿತ್ತು. ಆದರೂ ದಮ್ಮು ಇಳಿದದ್ದು ಶೇ 12ರ ಆಸುಪಾಸು ಮಾತ್ರ. ಇಪ್ಪತ್ತರ ವಯಸ್ಸಿನಲ್ಲಿ ಮೂರು ವಾರ ಮಲಗಿದ್ದು ಮಾಡಿದ ಹಾನಿಯನ್ನು 30 ವರ್ಷದ ಸಂಸಾರ, ನೌಕರಿ, ವಯಸ್ಸು ಸೇರಿ ಮಾಡಲಾಗಿರಲಿಲ್ಲ. ನನ್ನ ಮಟ್ಟಿಗೆ ವ್ಯಾಯಾಮ ವಿಜ್ಞಾನದಲ್ಲಿ ಇದಕ್ಕಿಂತ ಮನಸ್ಸು ಕಲಕುವ ಫಲಿತಾಂಶ ಇನ್ನೊಂದಿಲ್ಲ.

ಅಳತೆ ಮುಗಿಸಿ ಅವರನ್ನು ಕಳಿಸಿಬಿಡಲಿಲ್ಲ. ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ಸವಾರಿಯ ತರಬೇತಿ ಕೊಟ್ಟರು. ಮೊದಲು ಸ್ವಲ್ಪ ಸ್ವಲ್ಪ, ಕೊನೆಗೆ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆ. ಅದೂ ಹದವಾದ ವೇಗದಲ್ಲಿ. ಆರು ತಿಂಗಳ ಕೊನೆಗೆ ಐವರ ಸರಾಸರಿ ದಮ್ಮು ಇಪ್ಪತ್ತರ ಹರೆಯದಲ್ಲಿ ಇದ್ದ ಮಟ್ಟಕ್ಕೇ ಮರಳಿತ್ತು. ಕುತೂಹಲವೆಂದರೆ, ಅವರ ಹೃದಯ ಮೊದಲಿಗಿಂತ ಹೆಚ್ಚು ರಕ್ತವನ್ನೇನೂ ಹರಿಸುತ್ತಿರಲಿಲ್ಲ. ಕಟ್ಟೆಯಿಂದ ಬಿಡುವ ನೀರು ಅಷ್ಟೇ. ಗದ್ದೆ ಹೆಚ್ಚು ಕುಡಿಯಲು ಕಲಿತಿತ್ತು. ಅಮೆರಿಕದ ಜಾನ್ ಹೊಲೋಸ್ಜಿ 1967ರಲ್ಲೇ ಇಲಿಗಳನ್ನು ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಗಳ ಕಿಣ್ವಗಳು ಸುಮಾರು ಎರಡು ಪಟ್ಟಾಗುವುದನ್ನು ತೋರಿಸಿದ್ದ. ಐವತ್ತು ದಾಟಿದ ಮನುಷ್ಯನ ಸ್ನಾಯುವೂ ಆ ಪಾಠವನ್ನು ಕಲಿಯಬಲ್ಲದು.

ಇಲ್ಲಿಯವರೆಗೆ ಓದಿದವರು ಕೇಳುವ ಪ್ರಶ್ನೆ ನನಗೆ ಗೊತ್ತಿದೆ, ನಾನೂ ಕೇಳಿಕೊಂಡದ್ದೇ. ವಾರಕ್ಕೆ ನಾಲ್ಕೂವರೆ ಗಂಟೆ ಎಲ್ಲಿಂದ ತರುವುದು? ಬೆಳಿಗ್ಗೆ ಮಕ್ಕಳ ಡಬ್ಬಿ, ಶಾಲೆಯ ವ್ಯಾನು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಸಂಜೆ ಮತ್ತದೇ ದಾರಿ. ಸಮಯವಿಲ್ಲ ಎಂಬುದನ್ನು ಸೋಮಾರಿಯ ನೆಪ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ನಿಜವಾದ ಕೊರತೆ. ಆ ಕೊರತೆಗೆ ವಿಜ್ಞಾನ ಕೊಡುವ ಉತ್ತರ ಮಾತ್ರ ತುಂಬ ಜನರಿಗೆ ತಲುಪಿಲ್ಲ.

1980ರ ದಶಕದ ಮೊದಲ ಭಾಗದಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಿಕ್ಸನ್ ಸರಳವಾದ ಪ್ರಯೋಗಗಳ ಸರಣಿಯೊಂದನ್ನು ನಡೆಸಿದ. ಮೊದಲು ಕೆಲವರಿಗೆ ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷದಂತೆ 10 ವಾರ ಓಟ ಮತ್ತು ಸೈಕಲ್‌ನ ಕಠಿಣ ತರಬೇತಿ. ದಮ್ಮು ಚೆನ್ನಾಗಿ ಏರಿತು, ಶೇ 20ಕ್ಕೂ ಹೆಚ್ಚು. ಗಳಿಸಿದ್ದನ್ನು ಉಳಿಸಿಕೊಳ್ಳಲು ಎಷ್ಟು ಸಾಕು ಎಂಬುದು ಅವನ ಪ್ರಶ್ನೆಯಾಗಿತ್ತು. ಮುಂದಿನ 15 ವಾರ ಕೆಲವರಿಗೆ ವಾರದ 6 ದಿನವನ್ನು 4ಕ್ಕೆ, ಇನ್ನು ಕೆಲವರಿಗೆ 2ಕ್ಕೆ ಇಳಿಸಿದ. ದಮ್ಮು ಇಳಿಯಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ದಿನಗಳನ್ನು ಹಾಗೆಯೇ ಬಿಟ್ಟು, 40 ನಿಮಿಷವನ್ನು 26ಕ್ಕೆ, ಮತ್ತೊಂದು ಗುಂಪಿಗೆ 13ಕ್ಕೆ ಕತ್ತರಿಸಿದ. ಆಗಲೂ ದಮ್ಮು ಇಳಿಯಲಿಲ್ಲ. 13 ನಿಮಿಷದವರಲ್ಲಿ ಬಹಳ ಹೊತ್ತು ದಣಿಯದೆ ದುಡಿಯುವ ಶಕ್ತಿ ಸ್ವಲ್ಪ ತಗ್ಗಿತು, ಅಷ್ಟೇ. ಮೂರನೆಯ ಪ್ರಯೋಗದಲ್ಲಿ ದಿನ, ನಿಮಿಷ ಎರಡನ್ನೂ ಮುಟ್ಟದೆ ದುಡಿಮೆಯ ಬಿರುಸನ್ನು ಮೂರನೆಯ ಒಂದು ಭಾಗ, ಮೂರನೆಯ ಎರಡು ಭಾಗ ತಗ್ಗಿಸಿದ. ಆಗ ಮಾತ್ರ ಗಳಿಕೆ ಕರಗತೊಡಗಿತು.

ಸುಮ್ಮನೆ ಗುಣಿಸಿ ನೋಡಿ. ವಾರಕ್ಕೆ 240 ನಿಮಿಷದಲ್ಲಿ ಕಟ್ಟಿದ್ದನ್ನು ಎರಡು ದಿನದ 40 ನಿಮಿಷ, ಎಂದರೆ 80 ನಿಮಿಷ ಕಾಪಾಡಿತು. ಅಥವಾ ಆರು ದಿನದ 13 ನಿಮಿಷ, ಎಂದರೆ 78. ಮೂರರಲ್ಲೊಂದು ಪಾಲು ಸಮಯ ಸಾಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಚಟುವಟಿಕೆ, ಇಲ್ಲವೇ 75 ನಿಮಿಷ ಬಿರುಸಿನದು. ಬೇರೆ ದಾರಿಯಿಂದ ಹೊರಟರೂ ಎರಡೂ ಲೆಕ್ಕ ಹತ್ತಿರ ಹತ್ತಿರವೇ ಬಂದು ನಿಲ್ಲುತ್ತವೆ.

15 ವಾರ ಎಂಬುದನ್ನು ನಾನು ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದ್ದೇನೆ. ಸಂಕ್ರಾಂತಿಯಿಂದ ಏಪ್ರಿಲ್ ಕೊನೆಯವರೆಗೆ. ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ, ಮಕ್ಕಳ ಪರೀಕ್ಷೆ, ಊರಿನ ಜಾತ್ರೆ, ನೆಂಟರಲ್ಲೊಂದು ಮದುವೆ ಎಲ್ಲವೂ ಅದರೊಳಗೆ ಮುಗಿಯುತ್ತವೆ. ಅಷ್ಟು ದಿನ ಓಟವನ್ನು ಪೂರಾ ಬಿಟ್ಟು, ಮತ್ತೆ ಮೇ ತಿಂಗಳಲ್ಲಿ ಮೊದಲಿನಿಂದ ಶುರುಮಾಡಿ, ಮೈಕೈ ನೋಯಿಸಿಕೊಂಡು ಬಿಟ್ಟುಬಿಡುವುದು ನಮ್ಮಲ್ಲಿ ಎಷ್ಟೊಂದು ಜನರ ಪಾಡು! ಬಿಡುವಿಲ್ಲದ ದಿನಗಳಲ್ಲಿ ಗಳಿಸಲು ಹೋಗಬೇಕಾಗಿಲ್ಲ, ಉಳಿಸಿಕೊಂಡರೆ ಸಾಕು.

ಇನ್ನೂ ಏನನ್ನೂ ಗಳಿಸದವರ ಮಾತು ಬೇರೆ. ಹಿಕ್ಸನ್ ಮಾಡಿಸಿದ ಬಿರುಸನ್ನು ಹೊಸಬರು ಮೊದಲ ದಿನವೇ ಮಾಡಹೋಗಬಾರದು. ಎದೆನೋವು, ತಲೆಸುತ್ತು ಕಂಡವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕಂಡೇ ಆರಂಭಿಸಬೇಕು. ಉಳಿದವರಿಗೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ, ಮತ್ತೆ ನಡಿಗೆ. ವೇಗ ಎಷ್ಟಿರಬೇಕು ಎನ್ನುವುದಕ್ಕೆ ಕೈಗಡಿಯಾರವೂ ಬೇಡ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಲು ಬರುವಷ್ಟು. ಎರಡು ಮಾತಿಗೇ ಉಸಿರು ಕಟ್ಟಿದರೆ ಅದು ಬಿರುಸು. ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಹೊಸದಾಗಿ ಓಡುವವರನ್ನು ನೋಡಿದರೆ ಬಹುಪಾಲು ಜನ ಅತಿ ವೇಗವಾಗಿ ಹೊರಟು, ಐದು ನಿಮಿಷಕ್ಕೇ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಾರೆ. ಓಟ ತಮಗೆ ಆಗಿಬರುವುದಿಲ್ಲ ಎಂದು ಅಲ್ಲಿಗೇ ತೀರ್ಮಾನಿಸಿಬಿಡುತ್ತಾರೆ. ಆಗಿಬರದಿದ್ದದ್ದು ಆ ವೇಗ.

ನಿಧಾನದ ಓಟಕ್ಕೂ ಬೆಲೆಯಿದೆ. ಅಮೆರಿಕದಲ್ಲಿ 55,137 ಮಂದಿಯನ್ನು ಸರಾಸರಿ 15 ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಓಡುವವರಲ್ಲಿ ಹೃದ್ರೋಗದ ಸಾವಿನ ಸಂಭವ ಓಡದವರಿಗಿಂತ ಶೇ 45ರಷ್ಟು ಕಡಿಮೆ ಇತ್ತು. ದಿನಕ್ಕೆ 5ರಿಂದ 10 ನಿಮಿಷ, ಗಂಟೆಗೆ 10 ಕಿಲೋಮೀಟರ್‌ಗಿಂತ ನಿಧಾನವಾಗಿ ಓಡುವವರಲ್ಲೂ ಲಾಭ ಸ್ಪಷ್ಟವಾಗಿಯೇ ಕಂಡಿತು. ಇದು ಗಮನಿಸಿ ನೋಡಿದ ಅಧ್ಯಯನವೇ ಹೊರತು ಪ್ರಯೋಗವಲ್ಲ. ಓಡುವವರು ಬೇರೆ ವಿಷಯಗಳಲ್ಲೂ ಆರೋಗ್ಯವಂತರಾಗಿರಬಹುದು. ಆದರೆ 2022ರಲ್ಲಿ ಪ್ರಕಟವಾದ, ಬ್ರಿಟನ್ನಿನ ಜನರನ್ನು ಗಮನಿಸಿದ ಇನ್ನೊಂದು ಅಧ್ಯಯನವೂ ಅದೇ ದಿಕ್ಕನ್ನು ತೋರಿಸುತ್ತದೆ. ವ್ಯಾಯಾಮವನ್ನೇ ಮಾಡದ 25 ಸಾವಿರ ಮಂದಿಯ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ನೋಡಿದಾಗ, ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಏದುಸಿರು ಬರುವಂತೆ ಮೆಟ್ಟಿಲೇರಿದವರು, ಬಸ್ಸಿಗೆ ಓಡಿದವರು ಹೆಚ್ಚು ಕಾಲ ಬದುಕಿದ್ದರು. ಕೆಲಸದ ನಡುವೆ ಬಂದುಹೋಗುವ ಆ ನಿಮಿಷಗಳನ್ನೂ ದೇಹ ಲೆಕ್ಕಕ್ಕೆ ಹಿಡಿಯುತ್ತದೆ.

ಓಡಿದರೆ ಮಂಡಿ ಸವೆಯುತ್ತದೆ ಎಂದು ಹೆದರಿಸುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಮಂಡಿ ಬಂಡಿಯ ಗಾಲಿಯಲ್ಲ. ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ; ಹೆಜ್ಜೆ ಬಿದ್ದಾಗ ಒತ್ತಿಕೊಂಡು, ಎದ್ದಾಗ ಹಿಗ್ಗಿಕೊಂಡು, ಸುತ್ತಲಿನ ದ್ರವದಿಂದಲೇ ಅದು ಉಣ್ಣಬೇಕು. ಹೆಜ್ಜೆಯೇ ಬೀಳದಿದ್ದರೆ ಅದಕ್ಕೆ ಊಟವೂ ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಲೆಕ್ಕ ಹಾಕಿದಾಗ ಸೊಂಟ ಮತ್ತು ಮಂಡಿಯ ಕೀಲುಸವೆತ ಹವ್ಯಾಸದ ಓಟಗಾರರಲ್ಲಿ ಶೇ 3.5, ಓಡದವರಲ್ಲಿ ಶೇ 10.2, ಸ್ಪರ್ಧೆಗೆಂದು ಓಡುವವರಲ್ಲಿ ಶೇ 13.3 ಇತ್ತು. ನಮ್ಮಂಥವರು ಇರಬೇಕಾದ ಜಾಗ ಮೊದಲನೆಯದು.

ನಿಜವಾಗಿ ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಸ್ನಾಯುರಜ್ಜು ಓಟದ ಪ್ರತಿ ಹೆಜ್ಜೆಯಲ್ಲೂ ಬಿಲ್ಲಿನ ಹೆದೆಯಂತೆ ಎಳೆದುಕೊಂಡು ಚಿಮ್ಮುತ್ತದೆ. ಹೆಜ್ಜೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಅದೊಂದೇ ಹಿಡಿದಿಟ್ಟು ಹಿಂತಿರುಗಿಸುತ್ತದೆ ಎಂದು ಬ್ರಿಟಿಷ್ ಸಂಶೋಧಕರು 1987ರಲ್ಲಿ ಅಂದಾಜು ಮಾಡಿದರು. ಈ ರಜ್ಜು ಗಟ್ಟಿಯಾಗುವುದು ತೀರ ನಿಧಾನ. ರಕ್ತದ ಪ್ರಮಾಣ ಒಂದೆರಡು ವಾರದಲ್ಲಿ ಹೆಚ್ಚುತ್ತದೆ, ಮೈಟೊಕಾಂಡ್ರಿಯ ಕೆಲವು ವಾರದಲ್ಲಿ. ರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಎರಡನೆಯ ತಿಂಗಳಲ್ಲಿ ಉಸಿರು ಹಗುರವಾಗಿ, ಇನ್ನಷ್ಟು ಓಡೋಣ ಎನಿಸುವ ಹೊತ್ತಿಗೇ ಹಿಮ್ಮಡಿ ಮತ್ತು ಮೊಣಕಾಲ ಕೆಳಗಿನ ಮೂಳೆ ನೋಯತೊಡಗುವುದು ಇದರಿಂದಲೇ. ಆಗ ಹೆಜ್ಜೆ ಹಿಂದಿಡಬೇಕು. ವಾರವಿಡೀ ಕೂತು ಭಾನುವಾರ ಮಾತ್ರ ಹದಿನೈದು ಕಿಲೋಮೀಟರ್ ಓಡುವವರಿಗೂ ಇದೇ ಮಾತು. ವಾರದ ಚಟುವಟಿಕೆಯನ್ನು ಒಂದೆರಡು ದಿನಗಳಲ್ಲೇ ಮುಗಿಸುವವರ ಹೃದಯಕ್ಕೂ ಹೆಚ್ಚುಕಡಿಮೆ ಅಷ್ಟೇ ಲಾಭ ಎಂದು ದೊಡ್ಡ ಅಧ್ಯಯನಗಳು ಹೇಳುತ್ತವೆ. ಆದರೂ ರಜ್ಜಿನ ಮೇಲಿನ ಭಾರವನ್ನು ಮೆಲ್ಲಗೆ ಏರಿಸದೆ ಗತ್ಯಂತರವಿಲ್ಲ.

ನಮ್ಮ ನಾಡಿನವರು ಮೈ ದಣಿಸಲು ಇನ್ನೊಂದು ಕಾರಣವೂ ಇದೆ. ಸಕ್ಕರೆ ಕಾಯಿಲೆ ನಮ್ಮಲ್ಲಿ ಬೇಗ ಬರುತ್ತದೆ, ತೆಳ್ಳಗಿದ್ದವರನ್ನೂ ಬಿಡುವುದಿಲ್ಲ. ರಕ್ತದ ಗ್ಲೂಕೋಸ್ ಸ್ನಾಯುವಿನೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬಂದು ಬಾಗಿಲು ತಟ್ಟಬೇಕು. ಆದರೆ ದುಡಿಯುತ್ತಿರುವ ಸ್ನಾಯು ಯಾರೂ ತಟ್ಟದೆಯೇ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳುತ್ತದೆ. ಗ್ಲೂಟ್4 ಎಂಬ ಸಾಗಣೆಯ ಪ್ರೋಟೀನು ಕೋಶದ ಒಳಗಿನಿಂದ ಗೋಡೆಗೆ ಬಂದು ನಿಲ್ಲುತ್ತದೆ. ಇನ್ಸುಲಿನ್ನಿನ ಮಾತನ್ನು ಕೇಳದ ದೇಹದಲ್ಲೂ ಈ ಬಾಗಿಲು ಕೆಲಸ ಮಾಡುತ್ತದೆ. ರಾತ್ರಿ ಊಟದ ನಂತರ ಬೀದಿಯ ಕೊನೆಯವರೆಗೆ ನಡೆದು ಬರುವ ಹಳೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ.

ತೂಕ ಇಳಿಸಲಿಕ್ಕೆಂದೇ ಓಡುವವರು ಬೇಗ ನಿರಾಶರಾಗುತ್ತಾರೆ. ಒಂದು ಕಿಲೋಮೀಟರ್ ಓಟಕ್ಕೆ ದೇಹದ ಒಂದು ಕಿಲೋ ತೂಕಕ್ಕೆ ಸರಿಸುಮಾರು ಒಂದು ಕಿಲೋ ಕ್ಯಾಲರಿ ಖರ್ಚು. 70 ಕಿಲೋದವರು 5 ಕಿಲೋಮೀಟರ್ ಓಡಿ ಕಳೆದದ್ದು ದರ್ಶಿನಿಯ ಒಂದು ಮಸಾಲೆ ದೋಸೆಯಲ್ಲಿ ಹಿಂದೆ ಬರಬಹುದು. ತೂಕದ ಯಂತ್ರ ಅಲುಗಾಡದಿದ್ದರೂ ಒಳಗೆ ಕಟ್ಟೆ, ಕಾಲುವೆ, ಗದ್ದೆ ಮೂರೂ ಬದಲಾಗುತ್ತಿರುತ್ತವೆ. ಅದನ್ನು ಮೆಟ್ಟಿಲು ಹೇಳುತ್ತದೆ, ಯಂತ್ರ ಹೇಳುವುದಿಲ್ಲ.

2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಅಂತರ ನನ್ನನ್ನು ಕಾಡುತ್ತದೆ. ಬೆಳಗಿನ ಐದೂವರೆಗೆ ಕತ್ತಲ ರಸ್ತೆಯಲ್ಲಿ ನಾನು ನಿಶ್ಚಿಂತೆಯಿಂದ ಓಡಬಲ್ಲೆ. ಆ ಹೊತ್ತಿಗೆ ಮನೆಯಲ್ಲಿ ಒಲೆ ಹಚ್ಚುವವರು ಬೇರೊಬ್ಬರಿರುತ್ತಾರೆ. ಕಾಲುದಾರಿಯ ದೀಪ, ನಾಯಿಗಳ ಕಾಟ, ನೋಡುವ ಕಣ್ಣುಗಳು, ಕಾಯುವ ಕುಕ್ಕರು ಇವೆಲ್ಲ ಸೇರಿ ಹೆಂಗಸರ ಸಮಯವನ್ನು ತಿನ್ನುತ್ತವೆ. ಪಾರ್ಕಿನ ಬಾಗಿಲನ್ನು ಬೆಳಿಗ್ಗೆ ಹತ್ತಕ್ಕೆ ಮುಚ್ಚುವ ಊರುಗಳಲ್ಲಿ ಆ ಬಾಗಿಲು ಇನ್ನೊಂದು ಗಂಟೆ ತೆರೆದಿದ್ದರೆ ಎಷ್ಟೋ ಜನರಿಗೆ ದಾರಿಯಾಗುತ್ತದೆ.

ನಮ್ಮ ಬಡಾವಣೆಯ ಪಾರ್ಕಿಗೆ ಬರುವ ಒಬ್ಬ ತಾಯಿ ಇದ್ದಾರೆ. 7:50ಕ್ಕೆ ಮಗಳನ್ನು ಶಾಲೆಯ ವ್ಯಾನು ಹತ್ತಿಸಿ, ಚೂಡಿದಾರದ ಕೆಳಗೆ ಬೂಟು ಹಾಕಿದ್ದವರು ಹಾಗೆಯೇ ಒಳಗೆ ಬರುತ್ತಾರೆ. ಮೊದಲ ಸುತ್ತು ನಡಿಗೆ. ಎರಡನೆಯದು ನಿಧಾನದ ಓಟ. ಮೂರು, ನಾಲ್ಕು, ಐದನೆಯ ಸುತ್ತುಗಳಲ್ಲಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಯಾರನ್ನೂ ನೋಡದೆ ಓಡುತ್ತಾರೆ. ಪಕ್ಕದಲ್ಲಿ ಹಾದುಹೋದರೆ ಏದುಸಿರು ಕೇಳಿಸುತ್ತದೆ. ಆರನೆಯ ಸುತ್ತು ಮತ್ತೆ ನಡಿಗೆ. 8:10ಕ್ಕೆ ಅವರ ಬೀದಿಗೆ ನಲ್ಲಿ ನೀರು ಬಿಡುತ್ತಾರೆ, ಅಷ್ಟರೊಳಗೆ ಅವರು ಗೇಟು ದಾಟಿರುತ್ತಾರೆ.