ಸಾಂಬ್ರಾಣಿ ವಾಸನೆ ಆಸ್ಪತ್ರೆಯಲ್ಲಿ!

ಹೋದ ತಿಂಗಳು ಸೈಕಲ್ಲಿನಿಂದ ಬಿದ್ದು ನನ್ನ ಮೊಣಕಾಲು ತರಚಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಹತ್ತಿಯನ್ನು ಕಂದು ಬಣ್ಣದ ಔಷಧಿಯಲ್ಲಿ ಅದ್ದಿ ಗಾಯದ ಮೇಲೆ ಅಂಟಿಸಿದರು. ಉರಿ ಅಂದ್ರೆ ಉರಿ! ಆದರೆ ವಾಸನೆ ಮಾತ್ರ ನಮ್ಮ ಮನೆ ಸಾಂಬ್ರಾಣಿಯದೇ. ಕೇಳಿದ್ದಕ್ಕೆ, "ಹೂಂ ಕಣಪ್ಪ, ಇದು ಟಿಂಚರ್ ಬೆಂಜಾಯಿನ್. ಸಾಂಬ್ರಾಣೀನೇ ಸ್ಪಿರಿಟ್‌ನಲ್ಲಿ ಕರಗಿಸಿರೋದು" ಅಂದರು. ಸ್ಪಿರಿಟ್ ಆರಿದ ಮೇಲೆ ಅಂಟು ಪೊರೆಯಂತೆ ಉಳಿದು ಗಾಯವನ್ನು ಮುಚ್ಚುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರು ಇನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಮರದ ತೊಗಟೆಗೆ ಪೆಟ್ಟು ಬಿದ್ದರೆ ಒಳಗಿನಿಂದ ಅಂಟು ಒಸರಿ, ಗಟ್ಟಿಯಾಗಿ, ಹುಳು, ಬೂಷ್ಟು ಒಳಗೆ ಹೋಗದಂತೆ ತಡೆಯುತ್ತದೆ. ಅಂದರೆ ಅದು ಮರದ ಪಟ್ಟಿ! ಮರದ ಗಾಯಕ್ಕೆ ಬಂದದ್ದೇ ನನ್ನ ಮೊಣಕಾಲಿಗೂ ಬಂತು. ನಿಜವಾದ ಸಾಂಬ್ರಾಣಿ ಮರ ಇರುವುದು ದೂರದ ಸುಮಾತ್ರಾ ದ್ವೀಪದಲ್ಲಿ. ಅರಬ್ಬರು ಅದನ್ನು 'ಲುಬಾನ್ ಜಾವಿ' ಎಂದರು. ಬೆಂಜಾಯಿನ್ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ನಾವು ಲೋಬಾನ ಅನ್ನುವುದೂ ಅದೇ ಲುಬಾನ್.

ನಮ್ಮ ಪಶ್ಚಿಮ ಘಟ್ಟದಲ್ಲಿ ಹಾಲುಮಡ್ಡಿ ಮರವಿದೆ. ಅದರ ಅಂಟು ಅಗರಬತ್ತಿಗೆ ಹೋಗುತ್ತದೆ. ಹಿಂದಿನವರು ಅದನ್ನು ಹಾಲಿನಲ್ಲಿ ಕಲಸಿ ಆಮಶಂಕೆಗೆ ಕೊಡುತ್ತಿದ್ದರಂತೆ. ನಮ್ಮಜ್ಜಿ ಮಂಡಿ ನೋವಿಗೆ ಕೆಂಗೇರಿಯ ಗ್ರಂಧಿಗೆ ಅಂಗಡಿಯಿಂದ ತರಿಸುವ ಯೋಗರಾಜ ಗುಗ್ಗುಳು ಮಾತ್ರೆಯಲ್ಲಿರುವುದೂ ಒಂದು ಗಿಡದ ಅಂಟೇ. ಆ ಗುಗ್ಗುಳದ ಗಿಡ ರಾಜಸ್ಥಾನ, ಗುಜರಾತಿನ ಒಣ ನೆಲದ್ದು. ಆಸೆಗೆ ಬಿದ್ದು ಮೇಲಿಂದ ಮೇಲೆ ಕಚ್ಚು ಹಾಕಿ ಹಾಕಿ ಗಿಡಗಳೇ ಸತ್ತು, ಈಗ ಅದು ಅಳಿವಿನ ಅಂಚಿಗೆ ಬಂದಿದೆ.

ಇನ್ನು ನಮ್ಮನೆ ಜಗಳ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಅಜ್ಜಿ ಕೋಣೆ ಬಾಗಿಲು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮಗುವನ್ನು ಆ ಹೊಗೆಗೆ ಹಿಡಿಯುತ್ತಿದ್ದಳು. ಶೀತ ಆಗಲ್ಲ, ತಲೆ ಬೇಗ ಒಣಗುತ್ತೆ ಅಂತ. ಮಗು ರಾತ್ರಿಯೆಲ್ಲಾ ಕೆಮ್ಮತೊಡಗಿತು. ಡಾಕ್ಟರು, "ಘಮ ಇದ್ದರೂ ಹೊಗೆ ಹೊಗೆಯೇ. ಅದರ ಸಣ್ಣ ಮಸಿ ಎಳೆ ಕೂಸಿನ ಶ್ವಾಸಕ್ಕೆ ಆಗದು, ನಿಲ್ಲಿಸಿ" ಎಂದರು. ಅಜ್ಜಿಗೆ ಸಿಟ್ಟು ಬಂತು. "ನಿಮ್ಮಪ್ಪನ್ನೂ ಇದೇ ಹೊಗೇಲೇ ಸಾಕಿದ್ದು, ಏನಾಯ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗುವಿನ ಕೆಮ್ಮು ಮಾತ್ರ ಕಿವಿಗೆ ಕೇಳುತ್ತಿತ್ತು.

ಕೊನೆಗೆ ಅಮ್ಮ ಒಂದು ದಾರಿ ಹುಡುಕಿದಳು. ಈಗ ಮೆತ್ತನೆಯ ಬಟ್ಟೆಯಿಂದ ಮಗುವಿನ ತಲೆ ಒರೆಸಿ ಒಳಗೆ ಮಲಗಿಸುತ್ತಾರೆ. ಕೆಂಡ ಹಿತ್ತಿಲಿಗೆ ಹೋಗಿದೆ. ಅಲ್ಲಿ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಅಜ್ಜಿ ತನ್ನ ಸೀರೆಯನ್ನೇ ಹರವಿ ಹೊಗೆ ಹಿಡಿಸುತ್ತಾಳೆ. ಮಗುವಿನ ಕೆಮ್ಮು ನಿಂತು ಹತ್ತು ದಿನವಾಯಿತು. ಅಜ್ಜಿ ಡಾಕ್ಟರ ಹೆಸರೆತ್ತಿದರೆ ಇನ್ನೂ ಮುಖ ತಿರುಗಿಸುತ್ತಾಳೆ.