ಎಕ್ಕ: ಮದ್ದೂ ಹೌದು, ವಿಷವೂ ಹೌದು

ಪಾಳುನೆಲದಲ್ಲಿ, ಹಾದಿಯ ಬದಿಯಲ್ಲಿ, ಹೊಲದ ಬದುವಿನಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಗಿಡ ಎಕ್ಕ. ಸಂಸ್ಕೃತದಲ್ಲಿ ಇದಕ್ಕೆ ‘ಅರ್ಕ’ ಎಂದು ಸೂರ್ಯನ ಹೆಸರೇ ಸಂದಿದೆ. ತಿಳಿನೇರಳೆ ಹೂವಿನದು, ಬಿಳಿಯ ಹೂವಿನದು ಎಂಬ ಎರಡು ಬಗೆಗಳು ನಮ್ಮ ನಾಡಿನಲ್ಲಿ ಕಾಣಸಿಗುತ್ತವೆ. ಇದರ ಹೂವು ಶಿವಪೂಜೆಗೆ ಸಲ್ಲುತ್ತದೆ. ರಥಸಪ್ತಮಿಯಂದು ಏಳು ಎಲೆಗಳನ್ನು ತಲೆ, ಭುಜಗಳ ಮೇಲಿರಿಸಿಕೊಂಡು ಮೀಯುವ ಆಚಾರವೂ ಅನೇಕ ಮನೆತನಗಳಲ್ಲಿದೆ. ಹೀಗೆ ಪೂಜ್ಯವೆನಿಸಿದ ಗಿಡದ ವಿಷಯದಲ್ಲಿ ನಾವು ಎಚ್ಚರ ತಪ್ಪುವುದು ಸಹಜ. ಆದರೆ ಅದು ಅಪಾಯಕರ.

ಎಣ್ಣೆ ಸವರಿ ಬೆಚ್ಚಗೆ ಮಾಡಿದ ಎಕ್ಕದೆಲೆಯನ್ನು ಬಾತುಕೊಂಡ ಕೀಲಿಗೆ ಕಟ್ಟುವುದು, ಮುಳ್ಳು ಮುರಿದ ಜಾಗಕ್ಕೆ ಅದರ ಹಾಲು ಹಚ್ಚುವುದು ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆಯುರ್ವೇದವು ಬೇರಿನ ತೊಗಟೆಯನ್ನೂ ಹೂವನ್ನೂ ಚರ್ಮರೋಗ, ಕೆಮ್ಮು, ಉಬ್ಬಸಗಳಿಗೆ ಬಳಸುತ್ತದೆ. ಆದರೆ ಅದೇ ಶಾಸ್ತ್ರವು ಎಕ್ಕವನ್ನು ಉಪವಿಷಗಳ ಸಾಲಿನಲ್ಲಿ ಇರಿಸಿದೆ ಎಂಬುದನ್ನು ಮರೆಯಲಾಗದು. ಭಾರತದ 1945ರ ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ.

ಎಕ್ಕದ ಹಾಲಿನಲ್ಲಿ ಕ್ಯಾಲೊಟ್ರೋಪಿನ್ ಮೊದಲಾದ ವಿಷಾಂಶಗಳಿವೆ. ಹೊಟ್ಟೆಗೆ ಹೋದರೆ ವಾಂತಿ, ಭೇದಿಗಳುಂಟಾಗಿ ಹೃದಯದ ಬಡಿತವೇ ಏರುಪೇರಾಗಬಹುದು. ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿದು ಬೊಬ್ಬೆ ಏಳುತ್ತದೆ. ಎಲ್ಲಕ್ಕಿಂತ ಮೋಸದ ಅಪಾಯ ಕಣ್ಣಿಗೆ. ಹೂವನ್ನೋ ಎಲೆಯನ್ನೋ ಕಿತ್ತಾಗ ತೊಟ್ಟಿನಿಂದ ಹಾಲು ಸಿಡಿಯುತ್ತದೆ. ಹಾಲು ಅಂಟಿದ ಬೆರಳಿನಿಂದ ಕಣ್ಣುಜ್ಜಿಕೊಂಡರೂ ಸಾಕು. ಅದು ಕಣ್ಣಿನ ಪಾರದರ್ಶಕ ಪೊರೆಯನ್ನು ಮರಗಟ್ಟಿಸುವುದರಿಂದ ಎಷ್ಟೋ ವೇಳೆ ನೋವೇ ತಿಳಿಯುವುದಿಲ್ಲ. ಗಂಟೆಗಳು ಕಳೆದ ಮೇಲೆ ದೃಷ್ಟಿ ಮಂಜಾಗುತ್ತದೆ. ನೋವಿಲ್ಲವೆಂದು ಸುಮ್ಮನಿರುವುದೇ ಇಲ್ಲಿ ಕೇಡಿಗೆ ಮೂಲ.

ಹಾಲು ಕಣ್ಣಿಗೆ ಬಿದ್ದೊಡನೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಎದೆಹಾಲು, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಲಾಗದು. ಸಕಾಲದ ಚಿಕಿತ್ಸೆಯಿಂದ ದೃಷ್ಟಿ ಬಹುಮಟ್ಟಿಗೆ ಮರಳುತ್ತದೆ.

ಪೂಜೆಗೆ ಹೂ ಬಿಡಿಸುವ ಕೆಲಸವನ್ನು ನಾವು ಸಾಮಾನ್ಯವಾಗಿ ಮಕ್ಕಳಿಗೆ ಒಪ್ಪಿಸುತ್ತೇವೆ. ಎಕ್ಕದ ಹೂವನ್ನು ಹಿರಿಯರೇ ಬಿಡಿಸಿ ಕೈ ತೊಳೆದುಕೊಳ್ಳಲಿ. ಸ್ನಾನಕ್ಕೆ ತಂದ ಎಲೆಗಳ ತೊಟ್ಟಿನ ಹಾಲು ಸೋರಿಹೋದ ಮೇಲೆ, ಚೆನ್ನಾಗಿ ತೊಳೆದು ಬಳಸಲಿ. ಒಳಗೆ ಸೇವಿಸುವ ಮದ್ದನ್ನು ಮನೆಯಲ್ಲಿ ಯಾರೂ ಮಾಡದಿರಲಿ. ವಿಷವನ್ನು ಶುದ್ಧಿಗೊಳಿಸುವ ಕ್ರಮವೂ ಪ್ರಮಾಣವೂ ಬಲ್ಲ ವೈದ್ಯನಿಗೇ ಅದು ಮೀಸಲು. ಗಿಡದ ಗುಣವನ್ನರಿತು ನಡೆಯುವುದೇ ಅದಕ್ಕೆ ಸಲ್ಲಿಸುವ ನಿಜವಾದ ಗೌರವ.